ರೀಬಾಂಡಿಂಗ್ + ಹೈಲೈಟ್ಸ್ ಮಾಡಿಸಿರೋ ಕೂದಲು, ಈಜು ಬಿಡದೆ ಉಳಿಸ್ಕೊಳ್ಳೋದು ಹೇಗೆ?

ನೀರ್ಗುಳ್ಳೆ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನನ್ನದು ಹುಟ್ಟಾ ಗುಂಗುರು ಕೂದಲು, ರೀಬಾಂಡಿಂಗ್ ಮಾಡಿಸಿ ನೇರ ಮಾಡಿಸ್ಕೊಂಡಿದೀನಿ, ಆಮೇಲೆ ಮುಖದ ಎರಡೂ ಪಕ್ಕ ಬ್ಲೀಚ್ ಮಾಡಿ ಹೈಲೈಟ್ಸ್ ಕೂಡ ಹಾಕಿಸಿದೀನಿ. ಉದ್ದ ಭುಜದಿಂದ ಒಂದು ಗೇಣು ಕೆಳಗೆ ಬರುತ್ತೆ. ಇತ್ತೀಚೆಗೆ ಈಜು ಕಲಿಯೋಕೆ ಸೇರ್ಕೊಂಡೆ, ನೀರಲ್ಲಿ ಮುಖ ಮುಳುಗಿಸಿ ಉಸಿರು ಬಿಡೋದು ಈಗ ತಾನೇ ಸಲೀಸಾಗ್ತಿದೆ, ಬೆನ್ನು ನೋವು ಕಮ್ಮಿ ಆಗಿದೆ, ರಾತ್ರಿ ನಿದ್ದೆ ಚೆನ್ನಾಗಿ ಬರ್ತಿದೆ, ಹಾಗಾಗಿ ಈಜು ಬಿಡೋ ಮಾತೇ ಇಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ.

ತೊಂದರೆ ಏನಂದ್ರೆ ಕೂದಲು ದಿನದಿಂದ ದಿನಕ್ಕೆ ಕೆಡ್ತಾ ಇದೆ. ಶಾಂಪೂ ಹಾಕಿ ತೊಳೆದ ಮೇಲೂ ಪೂಲ್ ವಾಸನೆ ಹೋಗಲ್ಲ. ತುದಿ ಒರಟಾಗಿ ಬಟ್ಟೆಗೆಲ್ಲ ಸಿಕ್ಕಾಕ್ಕೊಳುತ್ತೆ. ಒದ್ದೆ ಇರೋವಾಗ ಒಂದು ಎಳೆ ಹಿಡಿದು ಎಳೆದ್ರೆ ಎಳೆದಷ್ಟೂ ಉದ್ದ ಬರುತ್ತೆ, ಬಿಟ್ರೆ ವಾಪಸ್ ಹೋಗಲ್ಲ, ಇನ್ನೊಂದು ಚೂರು ಎಳೆದ್ರೆ ಕಿತ್ತು ಕೈಗೇ ಬರುತ್ತೆ. ಹೈಲೈಟ್ಸ್ ಇರೋ ಕಡೆ ಬಿಸಿಲಲ್ಲಿ ನೋಡಿದ್ರೆ ತಿಳಿ ಹಸಿರು ಛಾಯೆ ಕಾಣಿಸ್ತಿದೆ, ಮೊದಲು ಕನ್ನಡಿ ಮೇಲೆ ಅನುಮಾನ ಬಂತು, ಆದ್ರೆ ಮನೆಯವರೂ ಅದನ್ನೇ ಹೇಳಿದ್ರು. ಕ್ಯಾಪ್ ಹಾಕ್ಕೊಂಡೇ ಇಳೀತೀನಿ, ಆದ್ರೂ ತೆಗೆದಾಗ ಒಳಗಡೆ ನೀರು ತುಂಬ್ಕೊಂಡಿರುತ್ತೆ.

ಸುತ್ತಮುತ್ತ ಕೇಳಿದ್ರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಒಬ್ಬರು ಎಣ್ಣೆ ಸುರ್ಕೊಂಡು ಹೋಗಿ ಅಂತಾರೆ, ಒಬ್ಬರು ಎಣ್ಣೆ ಮುಟ್ಲೇ ಬೇಡಿ ಅಂತಾರೆ, ಇನ್ನೊಬ್ಬರು ಉಪ್ಪು ನೀರಿನ ಪೂಲ್‌ಗೆ ಹೋಗಿ ಅಲ್ಲಿ ಕ್ಲೋರಿನ್ನೇ ಇರಲ್ಲ ಅಂತಾರೆ. ಯಾವುದು ನಿಜ? ನೀರಿಗೆ ಇಳಿಯೋ ಮುಂಚೆ ಏನು ಮಾಡ್ಬೇಕು, ಬಂದ ಮೇಲೆ ಏನು ಮಾಡ್ಬೇಕು, ಹಸಿರು ಹೋಗುತ್ತಾ, ಬೇರಲ್ಲಿ ಗುಂಗುರು ಬೆಳೆದು ಬರ್ತಿದೆ ಅದಕ್ಕೆ ಮತ್ತೆ ಟಚ್ ಅಪ್ ಮಾಡಿಸ್ಬಹುದಾ? ಅನುಭವ ಇರೋರು, ವಿಷಯ ಗೊತ್ತಿರೋರು ದಯವಿಟ್ಟು ಹೇಳಿ.

ಕತ್ತರಿ_ಬಾಚಣಿಗೆ

ನಾನು ಸಲೂನಲ್ಲಿ ಕೆಲಸ ಮಾಡೋಳು, ಕೆಮಿಕಲ್ ಟ್ರೀಟ್‌ಮೆಂಟ್ ಮಾಡೋದೇ ನನ್ನ ದಿನನಿತ್ಯದ ಕೆಲಸ, ಅದಕ್ಕೆ ಮೊದಲು ಕೂದಲಿನ ಕಡೆಯಿಂದ ಹೇಳ್ತೀನಿ, ನೀರಿನ ವಿಷಯ ಗೊತ್ತಿರೋರು ಬೇರೆಯವರು ಹೇಳ್ಲಿ.

ಕೂದಲಿನ ಹೊರಗಡೆ ಕ್ಯೂಟಿಕಲ್ ಅಂತ ಇರುತ್ತಲ್ಲ, ಅದು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಪದರ ಪದರವಾಗಿ ಕೂತಿರುತ್ತೆ, ಅದರ ಮೇಲೆ ತುಂಬಾ ತೆಳ್ಳಗೆ ಒಂದು ಕೊಬ್ಬಿನ ಪದರ ಅಂಟ್ಕೊಂಡಿರುತ್ತೆ. ಏನೂ ಮಾಡಿಸದೇ ಇರೋ ಕೂದಲಿನ ಮೇಲೆ ನೀರು ಬಿದ್ರೆ ತಕ್ಷಣ ಒಳಗೆ ಹೋಗದೆ ಜಾರೋದು ಆ ಪದರದಿಂದ. ಬ್ಲೀಚ್, ಪರ್ಮನೆಂಟ್ ಕಲರ್, ರೀಬಾಂಡಿಂಗ್, ರಿಲ್ಯಾಕ್ಸರ್ ಇವೆಲ್ಲಾ ಕ್ಷಾರದ ಕಡೆ ಇರೋ ಪದಾರ್ಥಗಳು, ಆ ಕೊಬ್ಬಿನ ಪದರನ ಕಿತ್ತು ಹಾಕ್ತವೆ, ಅದು ಹೋದ ಮೇಲೆ ಮತ್ತೆ ಬೆಳೆಯಲ್ಲ, ಹೊಸ ಕೂದಲು ಬಂದ್ರೆ ಮಾತ್ರ. ಅಂದ್ರೆ ನಿಮ್ಮ ಕೂದಲು ಈಗ ನೀರನ್ನ ದೂರ ತಳ್ಳಲ್ಲ, ಒಳಗೆ ಎಳ್ಕೊಳುತ್ತೆ. ಆ ನೀರಲ್ಲಿ ಏನಿರುತ್ತೋ ಅದೆಲ್ಲ ಜೊತೆಗೇ ಹೋಗುತ್ತೆ. ಅದಕ್ಕೇ ನಿಮ್ಮ ಪಕ್ಕದ ಲೇನಲ್ಲಿ ಈಜೋರಿಗೆ ಏನೂ ಆಗ್ದೇ ಇರೋದು, ನಿಮಗೆ ಮಾತ್ರ ಆಗ್ತಿರೋದು.

ಎರಡನೇದು, ಎಲ್ಲಾ ಟ್ರೀಟ್‌ಮೆಂಟ್ ಒಂದೇ ಅಲ್ಲ, ಜನ ಎಲ್ಲದಕ್ಕೂ ಸ್ಟ್ರೈಟನಿಂಗ್ ಅಂತ ಒಂದೇ ಹೆಸರು ಹೇಳ್ಬಿಡ್ತಾರೆ. ರೀಬಾಂಡಿಂಗ್‌ನಲ್ಲಿ ಥಯೋಗ್ಲೈಕೊಲೇಟ್ ಅನ್ನೋ ಕೆಮಿಕಲ್ ಹಾಕಿ ಕೂದಲಿನ ಒಳಗಿರೋ ಡೈಸಲ್ಫೈಡ್ ಬಂಧಗಳನ್ನ ಬಿಡಿಸಿ, ನೇರ ಮಾಡಿ, ನ್ಯೂಟ್ರಲೈಸರ್ ಹಾಕಿ ಮತ್ತೆ ಕಟ್ತೀವಿ, ಆದ್ರೆ ಬಿಡಿಸಿದ್ದೆಲ್ಲಾ ವಾಪಸ್ ಕಟ್ಟೋಕಾಗಲ್ಲ, ಒಂದಷ್ಟು ಹೋಗೇ ಹೋಗುತ್ತೆ. ರಿಲ್ಯಾಕ್ಸರ್ ಇನ್ನೂ ಜೋರು, ಕೆಲವದರಲ್ಲಿ ಸೋಡಿಯಂ ಹೈಡ್ರಾಕ್ಸೈಡೇ ಇರುತ್ತೆ, ಪಿಎಚ್ ಅಂದ್ರೆ ಹುಳಿ-ಕ್ಷಾರದ ಅಳತೆ, ಅದು 12ರ ಮೇಲೆ. ಕೆರಟಿನ್ ಟ್ರೀಟ್‌ಮೆಂಟ್ ಮಾತ್ರ ಬಹುಮಟ್ಟಿಗೆ ಮೇಲಿಂದ ಹಾಕೋ ಲೇಪ, ಕೆಲವು ತಿಂಗಳಲ್ಲಿ ತೊಳೆದು ಹೋಗುವಂಥದ್ದು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಪೂಲ್‌ಗೆ ಹೋದ್ರೆ ಕೆರಟಿನ್ ಮಾಡಿಸಿದವರಿಗೆ ಲೇಪ ಬೇಗ ಹೋಗಿ ದುಡ್ಡು ದಂಡ ಆಗುತ್ತೆ ಅಷ್ಟೇ, ರೀಬಾಂಡಿಂಗ್ ಮಾಡಿಸಿದವರಿಗೆ ನೇರ ಹಾಗೇ ಉಳಿಯುತ್ತೆ, ಆದ್ರೆ ಕೂದಲು ಮುರಿಯೋ ಅಪಾಯ ಇರುತ್ತೆ. ನಿಮ್ಮದು ರೀಬಾಂಡಿಂಗ್ ಮೇಲೆ ಬ್ಲೀಚ್, ಅಂದ್ರೆ ಒಂದೇ ಎಳೆಗೆ ಎರಡು ಏಟು. ಎಳೆದ್ರೆ ಉದ್ದ ಬಂದು ವಾಪಸ್ ಹೋಗದೇ ಇರೋದು ಒಳಗಿನ ಬಂಧ ತುಂಬಾ ಸೋತಿದೆ ಅನ್ನೋದರ ಲಕ್ಷಣ. ಅದು ಬರೀ ಪೂಲ್‌ನಿಂದ ಆಗಿರೋದಲ್ಲ, ಆದ್ರೆ ಪೂಲ್ ಅದನ್ನ ಜಾಸ್ತಿ ಮಾಡ್ತಿದೆ.

ಟಚ್ ಅಪ್ ಈಗ ಬೇಡ. ಯಾಕೆ ಅಂತ ಆಮೇಲೆ ವಿವರವಾಗಿ ಬರೀತೀನಿ, ಈಗ ಕ್ಲೈಂಟ್ ಕಾಯ್ತಿದಾರೆ.

ಬೆಳಗಿನ_ಲೇನ್

ನನ್ನದೂ ಕಲರ್ ಮಾಡಿಸಿದ ಕೂದಲೇ, ತುಂಬಾ ವರ್ಷದಿಂದ ಈಜ್ತಿದೀನಿ, ಕೂದಲು ಸೊಂಟದ ತನಕ ಇದೆ, ಸಾಧ್ಯ ಇದೆ ಅಂತ ಧೈರ್ಯವಾಗಿ ಹೇಳ್ತೀನಿ. ಒಂದೇ ಒಂದು ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ಕೂದಲನ್ನ ಉಳಿಸೋದು ಇಳಿಯೋ ಮುಂಚಿನ ಐದು ನಿಮಿಷ ಮತ್ತು ಹತ್ತಿ ಬಂದ ಮೇಲಿನ ಐದು ನಿಮಿಷ. ರಾತ್ರಿ ಹಾಕೋ ದುಬಾರಿ ಮಾಸ್ಕ್ ಎಲ್ಲಾ ಅದರ ನಂತರ.

ಇಳಿಯೋ ಮುಂಚೆ ಶವರ್ ಕೆಳಗೆ ನಿಂತು ಕೂದಲನ್ನ ಪೂರ್ತಿ ನೆನೆಸಿ. ಸುಮ್ನೆ ಮೇಲಿಂದ ನೀರು ಹಾಕ್ಕೊಂಡು ಓಡೋದಲ್ಲ, ಎಲ್ಲರೂ ಮಾಡೋದು ಅದನ್ನೇ, ಮೇಲಿನ ಕೂದಲು ಒದ್ದೆ ಆಗಿರುತ್ತೆ, ಬೆರಳು ಹಾಕಿ ಒಳಗಡೆ ನೋಡಿದ್ರೆ ಕತ್ತಿನ ಹತ್ರ ಒಣಗೇ ಇರುತ್ತೆ. ಎರಡು ಭಾಗ ಮಾಡಿ, ಬೆರಳಲ್ಲಿ ಬಿಡಿಸಿ ಬಿಡಿಸಿ ನೆನೆಸಿ, ಹಿಂಡಿದ್ರೆ ನೀರು ಧಾರೆಯಾಗಿ ಇಳೀಬೇಕು. ಕೂದಲು ತನ್ನ ತೂಕದ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ನೀರು ಕುಡಿಯುತ್ತೆ, ಕೆಮಿಕಲ್ ಆದ ಕೂದಲು ಅದಕ್ಕಿಂತಲೂ ಜಾಸ್ತಿ, ಆ ಜಾಗ ಮೊದಲೇ ಒಳ್ಳೇ ನೀರಿಂದ ತುಂಬಿದ್ರೆ ಪೂಲ್ ನೀರು ಒಳಗೆ ಹೋಗೋದು ತುಂಬಾ ನಿಧಾನ ಆಗುತ್ತೆ. ಇದಕ್ಕೆ ಖರ್ಚೇ ಇಲ್ಲ, ಆದ್ರೂ ಜನ ಇದನ್ನೇ ಬಿಡ್ತಾರೆ, ಅದೇ ಬೇಜಾರು ನನಗೆ.

ಆಮೇಲೆ ಚೆನ್ನಾಗಿ ಹಿಂಡಿ, ಕಂಡಿಷನರ್ ಹಚ್ಚಿ, ಮಧ್ಯದಿಂದ ತುದಿ ತನಕ ಮಾತ್ರ. ಲೇಬಲ್ ಮೇಲೆ ಡೈಮೆಥಿಕೋನ್ ಅಂತಲೋ ಕೊನೇಲಿ ಕೋನ್ ಅಂತ ಬರೋ ಬೇರೆ ಯಾವುದಾದ್ರೂ ಇದ್ರೆ ಒಳ್ಳೇದು, ಅದು ನೀರಲ್ಲಿ ಬೇಗ ಕರಗಲ್ಲ, ಮೇಲೆ ತೆಳ್ಳಗೆ ಕೂತಿರುತ್ತೆ. ಬುಡಕ್ಕೆ, ಹಣೆ ಅಂಚಿಗೆ ಹಚ್ಚಬೇಡಿ, ಕ್ಯಾಪ್ ಜಾರುತ್ತೆ. ಹಚ್ಚಿದ್ದು ಹರಿದು ನೀರಿಗೆ ಬರೋಷ್ಟೂ ಬೇಡ, ಕೂದಲಿಗೆ ಹಿಡಿದು ಕೈಗೆ ಬರೀ ನುಣುಪು ತಗಲೋಷ್ಟು ಸಾಕು. ಸಡಿಲ ಜಡೆ ಹಾಕಿ ಕತ್ತಿನ ಹತ್ರ ಚಪ್ಪಟೆಯಾಗಿ ಸುತ್ತಿ. ನೆತ್ತಿ ಮೇಲೆ ಗಂಟು ಕಟ್ಟಿದ್ರೆ ಕ್ಯಾಪ್ ಮೇಲಕ್ಕೆ ಎಳ್ಕೊಂಡು ಕಿವಿ ಹತ್ರ ಸಂದು ಬಿಟ್ಕೊಳುತ್ತೆ, ನೀರು ಬರೋದು ಅಲ್ಲಿಂದಾನೇ. ಬರೀ ರಬ್ಬರ್ ಬ್ಯಾಂಡ್ ಹಾಕ್ಬೇಡಿ, ಬಟ್ಟೆ ಸುತ್ತಿರೋದು ಹಾಕಿ, ಒದ್ದೆ ಕೂದಲು ಒತ್ತಿ ಕಟ್ಟಿದ ಜಾಗದಲ್ಲೇ ಮುರಿಯುತ್ತೆ.

ಕ್ಯಾಪ್ ಬಗ್ಗೆ. ಲೈಕ್ರಾ ಬಟ್ಟೆ ಕ್ಯಾಪ್ ನೀರು ತಡೆಯಲ್ಲ. ಲೇಟೆಕ್ಸ್ ತಡೆಯುತ್ತೆ, ಆದ್ರೆ ಕೂದಲನ್ನ ಹಿಡಿದು ಎಳೆಯುತ್ತೆ, ಹಣೆ ಅಂಚಿನ ಸಣ್ಣ ಕೂದಲು ಕಿತ್ತು ಬರುತ್ತೆ, ಎಣ್ಣೆ ತಗಲಿದ್ರೆ ಕೆಟ್ಟೂ ಹೋಗುತ್ತೆ. ನಿಮ್ಮಂಥ ಕೂದಲಿಗೆ ಸಿಲಿಕೋನ್ ಕ್ಯಾಪೇ ಸರಿ, ಉದ್ದ ಕೂದಲಿಗೆ ಅಂತ ದೊಡ್ಡ ಸೈಜಲ್ಲಿ ಬರುತ್ತೆ ಅದನ್ನ ತಗೊಳ್ಳಿ. ಒಳಗೆ ಲೈಕ್ರಾ, ಮೇಲೆ ಸಿಲಿಕೋನ್ ಅಂತ ಎರಡು ಹಾಕೋರೂ ಇದಾರೆ, ನಾನೂ ಹಾಗೇ ಮಾಡೋದು, ಒಳಗಿನದು ಜಾರದ ಹಾಗೆ ಹಿಡ್ಕೊಳುತ್ತೆ, ಸಿಲಿಕೋನ್ ನೇರವಾಗಿ ಕೂದಲನ್ನ ಉಜ್ಜಲ್ಲ. ಹಾಕ್ಕೊಳ್ಳೋವಾಗ ಕ್ಯಾಪ್ ಒಳಗೆ ಎರಡೂ ಅಂಗೈ ಹಾಕಿ ಅಗಲ ಮಾಡಿ, ತಲೆ ಸ್ವಲ್ಪ ಬಗ್ಗಿಸಿ, ಮುಂದಿನ ಅಂಚನ್ನ ಹಣೆ ಮಧ್ಯಕ್ಕೆ ಇಟ್ಟು ಹಿಂದಕ್ಕೆ ಎಳೀರಿ, ಗಂಟಿನ ಮೇಲಿಂದ ಇಳಿಸಿ ಕತ್ತಿನ ಸಣ್ಣ ಕೂದಲೆಲ್ಲಾ ಒಳಗೆ ತಳ್ಳಿ, ಕಿವಿ ಪೂರ್ತಿ ಮುಚ್ಚಿ. ಉಗುರು ತಗಲಿಸ್ಬೇಡಿ, ಸಿಲಿಕೋನ್ ಉಗುರಿಗೇ ಹರಿಯೋದು.

ಇಷ್ಟೆಲ್ಲಾ ಮಾಡಿದ್ರೂ ಸ್ವಲ್ಪ ನೀರು ಬರುತ್ತೆ, ಬೇಜಾರಾಗ್ಬೇಡಿ. ಈಜೋರ ಕ್ಯಾಪ್ ನೀರು ಬರದ ಹಾಗೆ ಮುಚ್ಚೋಕೆ ಅಂತ ಮಾಡಿದ್ದಲ್ಲ. ಒಳಗೆ ಬಂದ ಸ್ವಲ್ಪ ನೀರು ಅಲ್ಲೇ ನಿಂತಿರುತ್ತೆ, ಹೊಸ ಹೊಸ ಕ್ಲೋರಿನ್ ನೀರು ಕೂದಲ ಮೇಲೆ ಹರೀತಾ ಇರಲ್ಲ, ಕೂದಲು ಕೂದಲಿಗೆ ಉಜ್ಜೋದೂ ತಪ್ಪುತ್ತೆ, ಅದೇ ದೊಡ್ಡ ಲಾಭ.

ಹೊಸ_ಎಲೆ

ದಟ್ಟ ಗುಂಗುರು ಕೂದಲು, ಜಡೆ ಹೆಣೆದ ಕೂದಲು ಇರೋರಿಗೆ ದೊಡ್ಡ ಕ್ಯಾಪ್ ಬಗ್ಗೆ ಒಂದು ಮಾತು ಸೇರಿಸ್ತೀನಿ. ಸೋಲ್ ಕ್ಯಾಪ್ ಅನ್ನೋ ಕಂಪನಿ ಇಂಥ ಕೂದಲಿಗೇ ಅಂತ ದೊಡ್ಡ ಕ್ಯಾಪ್ ಮಾಡ್ತು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಮುಂಚೆ ಈಜಿನ ಅಂತರರಾಷ್ಟ್ರೀಯ ಸಂಸ್ಥೆ ಫಿನಾ ಅದಕ್ಕೆ ಒಪ್ಪಿಗೆ ಕೊಡಲಿಲ್ಲ, ತುಂಬಾ ಜನ ಪ್ರತಿಭಟಿಸಿದ್ರು, 2022ರಲ್ಲಿ ಒಪ್ಪಿಗೆ ಸಿಕ್ತು. ಈ ಸುದ್ದಿ ಓದಿದಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು, ಯಾಕಂದ್ರೆ ಎಷ್ಟೋ ಹುಡುಗೀರು ಕೂದಲು ಕ್ಯಾಪಲ್ಲಿ ಹಿಡಿಸಲ್ಲ ಅನ್ನೋ ಒಂದೇ ಕಾರಣಕ್ಕೆ ನೀರಿಂದ ದೂರ ಉಳೀತಾರೆ. ಕೂದಲಿಗೆ ಸರಿಯಾದ ಸೈಜಿನ ಕ್ಯಾಪ್ ಕೇಳೋದು ಶೋಕಿ ಅಲ್ಲ, ಈಜು ಕಲಿಯೋಕೆ ಬೇಕಾದ ಸಲಕರಣೆ ಅದು.

ಪಂಪ್_ರೂಮ್

ಪೂಲ್ ನೀರು ನೋಡ್ಕೊಳ್ಳೋದು ನನ್ನ ಉದ್ಯೋಗ. ನೀರಿನ ಕಡೆಯಿಂದ ಹೇಳ್ತೀನಿ, ಇದರಲ್ಲಿ ತಪ್ಪು ಕಲ್ಪನೆಗಳು ಜಾಸ್ತಿ.

ಹಸಿರು ಬಣ್ಣ ಕ್ಲೋರಿನ್‌ದಲ್ಲ, ತಾಮ್ರದ್ದು. ಪಾಚಿ ಕಟ್ಟದ ಹಾಗೆ ಕೆಲವು ಕಡೆ ಕಾಪರ್ ಸಲ್ಫೇಟ್ ಇರೋ ಆಲ್ಜಿಸೈಡ್ ಹಾಕ್ತಾರೆ, ಅಥವಾ ನೀರು ಬಿಸಿ ಮಾಡೋ ಹೀಟರ್ ಒಳಗಿನ ತಾಮ್ರದ ಕೊಳವೆ ಸವೆದು ನೀರಿಗೆ ಸೇರುತ್ತೆ, ಪಿಎಚ್ ಕಮ್ಮಿ ಇಟ್ರೆ ಸವೆತ ಜಾಸ್ತಿ. ಆ ತಾಮ್ರ ಕ್ಯೂಟಿಕಲ್ ತೆರೆದಿರೋ ಕೂದಲಿಗೆ ಹೋಗಿ ಗಟ್ಟಿಯಾಗಿ ಹಿಡ್ಕೊಳುತ್ತೆ. ಕಪ್ಪು ಕೂದಲಲ್ಲೂ ಸೇರಿರುತ್ತೆ, ಕಾಣಲ್ಲ ಅಷ್ಟೇ, ಬ್ಲೀಚ್ ಮಾಡಿದ ಕಡೆ ಕಾಣುತ್ತೆ. ನಿಮ್ಮ ಪೂಲ್‌ನವರನ್ನ ಕೇಳಿ, ತಾಮ್ರ ಇರೋ ಆಲ್ಜಿಸೈಡ್ ಬಳಸ್ತೀರಾ ಅಂತ. ಕೇಳೋ ಹಕ್ಕು ನಿಮಗಿದೆ, ಒಳ್ಳೇ ಆಪರೇಟರ್ ಆದ್ರೆ ಮುಜುಗರ ಇಲ್ಲದೆ ಹೇಳ್ತಾರೆ.

ಉಪ್ಪು ನೀರಿನ ಪೂಲಲ್ಲಿ ಕ್ಲೋರಿನ್ ಇರಲ್ಲ ಅನ್ನೋದು ಪೂರ್ತಿ ತಪ್ಪು. ಅಲ್ಲಿ ಉಪ್ಪನ್ನ ವಿದ್ಯುತ್ತಿಂದ ಒಡೆದು ಅಲ್ಲೇ ಕ್ಲೋರಿನ್ ತಯಾರಿಸ್ತಾರೆ, ಅಷ್ಟೇ ವ್ಯತ್ಯಾಸ. ಉಪ್ಪಿನ ಪ್ರಮಾಣ ಲೀಟರಿಗೆ 3 ಗ್ರಾಂ ಆಸುಪಾಸು, ಸಮುದ್ರದಲ್ಲಿ 35 ಗ್ರಾಂ. ಕೂದಲಿನ ಮಟ್ಟಿಗೆ ಅದೂ ಕ್ಲೋರಿನ್ ಪೂಲೇ.

ಪೂಲಲ್ಲಿ ಸಾಮಾನ್ಯವಾಗಿ ಫ್ರೀ ಕ್ಲೋರಿನ್, ಅಂದ್ರೆ ಇನ್ನೂ ಕೆಲಸಕ್ಕೆ ಸಿಗೋ ಕ್ಲೋರಿನ್, 1 ರಿಂದ 3 ಪಿಪಿಎಂ (ಹತ್ತು ಲಕ್ಷಕ್ಕೆ ಅಷ್ಟು ಭಾಗ), ಪಿಎಚ್ 7.2 ರಿಂದ 7.8 ಮಧ್ಯೆ ಇಡ್ತೀವಿ. ಕ್ಲೋರಿನ್ ನೀರಿಗೆ ಸೇರಿದಾಗ ಆಗೋ, ಸೂಕ್ಷ್ಮಾಣುಗಳನ್ನ ಕೊಲ್ಲೋ ಹೈಪೋಕ್ಲೋರಸ್ ಆಸಿಡ್ಡೇ ಕೂದಲಿನ ಪ್ರೋಟೀನನ್ನೂ, ಬಣ್ಣವನ್ನೂ ಆಕ್ಸಿಡೈಸ್ ಮಾಡೋದು. ಅದನ್ನ ಕಮ್ಮಿ ಮಾಡಿ ಅಂತ ಮಾತ್ರ ಕೇಳ್ಬೇಡಿ, ರೋಗ ಬರುತ್ತೆ. ಇನ್ನು ನೀವು ಹೇಳೋ ಆ ಗಾಢ ವಾಸನೆ, ಅದು ಕ್ಲೋರಮೈನ್, ಬೆವರು, ಮೂತ್ರ, ಮೈ ಮೇಲಿನ ಕ್ರೀಮು ಇವುಗಳ ಜೊತೆ ಕ್ಲೋರಿನ್ ಸೇರಿ ಆಗೋದು. ವಾಸನೆ ಜಾಸ್ತಿ ಇದ್ರೆ ಕ್ಲೋರಿನ್ ಜಾಸ್ತಿ ಇದೆ ಅಂತ ಜನ ಅಂದ್ಕೊಳ್ತಾರೆ, ಎಷ್ಟೋ ಸಲ ಉಲ್ಟಾ, ಕೆಲಸ ಮಾಡೋ ಕ್ಲೋರಿನ್ ಖಾಲಿಯಾಗಿ ಕ್ಲೋರಮೈನ್ ತುಂಬಿರುತ್ತೆ. ಎಲ್ಲರೂ ಇಳಿಯೋ ಮುಂಚೆ ಸ್ನಾನ ಮಾಡಿ ಬಂದ್ರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ, ಕೈ ಮುಗಿದು ಕೇಳ್ಕೊಳ್ತೀನಿ, ಸ್ನಾನ ಮಾಡಿ ಇಳೀರಿ.

ಇನ್ನೊಂದು, ನೀರಿಗೆ ಆಗಾಗ ಶಾಕ್ ಡೋಸ್ ಅಂತ ಹಾಕ್ತೀವಿ, ಕ್ಲೋರಿನ್ ಏಕ್‌ದಂ ಮೇಲೇರಿಸೋದು, ಸಾಮಾನ್ಯವಾಗಿ ರಾತ್ರಿ ಹೊತ್ತು. ಯಾವ ದಿನ ಹಾಕ್ತಾರೆ ಕೇಳಿಟ್ಕೊಳ್ಳಿ, ಮಾರನೇ ದಿನದ ಮೊದಲ ಬ್ಯಾಚ್ ಬದಲು ಆಮೇಲಿನ ಬ್ಯಾಚ್‌ಗೆ ಹೋಗಿ.

ನೀರ್ಗುಳ್ಳೆ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತಾಮ್ರದ ವಿಷಯ ಕೇಳೇ ಇರಲಿಲ್ಲ, ನಾಳೆನೇ ಕೇಳ್ತೀನಿ. ಎಣ್ಣೆ ಬಗ್ಗೆ ಯಾರಾದ್ರೂ ಹೇಳಿ, ತೆಂಗಿನೆಣ್ಣೆ ಹಚ್ಚಬಹುದಾ? ಮತ್ತೆ ವಿಟಮಿನ್ ಸಿ ಸ್ಪ್ರೇ ಮಾಡಿದ್ರೆ ಕ್ಲೋರಿನ್ ಹೋಗುತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ, ಅದು ಸರಿನಾ?

ಹನಿಹನಿ

ವಿಟಮಿನ್ ಸಿ ನಿಜ, ನಾನು ಬಳಸ್ತೀನಿ. ಆಸ್ಕಾರ್ಬಿಕ್ ಆಸಿಡ್ ಪುಡಿ ಒಂದು ಚಿಟಿಕೆ ಸ್ಪ್ರೇ ಬಾಟಲ್ ನೀರಿಗೆ ಹಾಕಿ ಕಲಕಿ, ಪೂಲಿಂದ ಬಂದು ಒಂದ್ಸಲ ನೀರಲ್ಲಿ ತೊಳೆದು ಆಮೇಲೆ ತಲೆಗೆಲ್ಲಾ ಹೊಡೆದು, ಒಂದು ನಿಮಿಷ ಬಿಟ್ಟು ತೊಳೀತೀನಿ. ಕ್ಲೋರಿನ್ ಜೊತೆ ತಕ್ಷಣ ಸೇರಿ ಅದನ್ನ ಕ್ಲೋರೈಡ್ ಮಾಡ್ಬಿಡುತ್ತೆ, ವಾಸನೆ ಎಷ್ಟೋ ಕಮ್ಮಿ ಆಗುತ್ತೆ. ಆದ್ರೆ ಕಲಸಿದ ನೀರು ಹಾಗೇ ಇಟ್ರೆ ಕೆಲವು ದಿನಕ್ಕೆ ಹಳದಿಗೆ ತಿರುಗುತ್ತೆ, ಶಕ್ತಿ ಹೋಯ್ತು ಅಂತ ಅರ್ಥ, ಅವತ್ತಿಂದು ಅವತ್ತೇ ಮಾಡ್ಕೊಳ್ಳಿ. ನಿಂಬೆರಸ ಹಿಂಡೋದು, ಅಡುಗೆ ಸೋಡಾ ಹಾಕೋದು ಎರಡೂ ಬೇಡ, ನಿಂಬೆರಸ ತುಂಬಾ ಹುಳಿ, ಸೋಡಾ ಕ್ಷಾರ, ಕ್ಯೂಟಿಕಲ್ ಇನ್ನಷ್ಟು ತೆರೆಯುತ್ತೆ.

ಕತ್ತರಿ_ಬಾಚಣಿಗೆ

ವಿಟಮಿನ್ ಸಿ ವಿಷಯದಲ್ಲಿ ನನ್ನದೊಂದು ಎಚ್ಚರಿಕೆ. ನಾವು ಸಲೂನಲ್ಲಿ ಹಿಡಿಸದ ಬಣ್ಣ ತಿಳಿ ಮಾಡೋಕೂ ವಿಟಮಿನ್ ಸಿ ಬಳಸೋದುಂಟು. ಅಂದ್ರೆ ಸೆಮಿ ಪರ್ಮನೆಂಟ್ ಬಣ್ಣ, ಟೋನರ್ (ಬ್ಲೀಚ್ ಆದ ಕೂದಲಿನ ಛಾಯೆ ಸರಿ ಮಾಡೋ ತಿಳಿ ಬಣ್ಣ), ನೀಲಿ ಗುಲಾಬಿ ಅಂತ ಫ್ಯಾನ್ಸಿ ಕಲರ್ ಹಾಕಿಸಿದವರು ಪ್ರತಿ ಸಲ ಹೊಡೆದ್ರೆ ಬಣ್ಣ ಬೇಗ ಇಳಿಯುತ್ತೆ. ನೀರ್ಗುಳ್ಳೆ ಅವರೇ, ನಿಮ್ಮ ಹೈಲೈಟ್ಸ್‌ಗೆ ಟೋನರ್ ಹಾಕಿರ್ತಾರೆ, ಅದಕ್ಕೆ ಚೂರೇ ಚೂರು ಪುಡಿ, ತಕ್ಷಣ ತೊಳೀರಿ, ಬ್ಲೀಚ್ ಇಲ್ಲದ ಕಡೆ ಮಾತ್ರ ಹೊಡೆದ್ರೂ ಆಯ್ತು. ಹನಿಹನಿ ಅವರದ್ದು ಬಣ್ಣ ಹಾಕಿಸದ ಕೂದಲು ಇರಬಹುದು, ಅವರಿಗೆ ತೊಂದರೆ ಇಲ್ಲ.

ಈಗ ಎಣ್ಣೆ. ಕೊಬ್ಬರಿ ಎಣ್ಣೆ ಮಾತ್ರ ಬೇರೆ ಸಾಲಿಗೆ ಸೇರಿದ್ದು. ಅದರ ಅಣು ಸಣ್ಣದು, ನೇರ, ಕೂದಲಿನ ಒಳಗೆ ಇಳಿಯುತ್ತೆ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ರು, ಕೂದಲಿಂದ ಪ್ರೋಟೀನ್ ಕಳೆದು ಹೋಗೋದನ್ನ ಕಮ್ಮಿ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ, ಬ್ಲೀಚ್ ಮಾಡಿದ ಕೂದಲಲ್ಲೂ. ಆದ್ರೆ ಅದು ಒಳಗೆ ಇಳಿಯೋಕೆ ಸಮಯ ಬೇಕು. ಹಾಗಾಗಿ ಹಿಂದಿನ ರಾತ್ರಿ ಅಂಗೈಗೆ ಸ್ವಲ್ಪ ಹಾಕಿ ಉಜ್ಜಿ ತುದಿಗೆ ಸವರಿ ಮಲಗಿ. ಪೂಲ್ ಪಕ್ಕದಲ್ಲಿ ನಿಂತು ಸುರ್ಕೊಳ್ಳೋದರಿಂದ ನಿಮಗೂ ಲಾಭ ಇಲ್ಲ, ಪಂಪ್_ರೂಮ್ ಅವರಿಗೂ ತಲೆನೋವು.

ಪಂಪ್_ರೂಮ್

ಹೌದು, ಎಣ್ಣೆ ನೀರಿನ ಮೇಲೆ ತೇಲಿ ಅಂಚಿನ ಟೈಲ್ಸಿಗೆ ಜಿಡ್ಡು ಕಟ್ಟುತ್ತೆ, ಫಿಲ್ಟರಿಗೆ ಹೋಗಿ ಅಂಟುತ್ತೆ, ಕ್ಲೋರಿನ್ ಅದರ ಜೊತೆ ಗುದ್ದಾಡಿ ಖರ್ಚಾಗುತ್ತೆ. ರಾತ್ರಿ ಸವರಿದ ಸ್ವಲ್ಪ ಎಣ್ಣೆ ಕ್ಯಾಪ್ ಒಳಗಿದ್ರೆ ನಮ್ಮ ತಕರಾರಿಲ್ಲ.

ಬೆಳಗಿನ_ಲೇನ್

ಹತ್ತಿ ಬಂದ ಮೇಲೆ ಏನು ಅನ್ನೋದು ಬರೆಯೋದು ಉಳಿದಿತ್ತು ಅಲ್ವಾ. ಮೊದಲ ಮಾತು, ಕ್ಯಾಪ್ ತೆಗೆಯೋದು ಶವರ್ ಕೆಳಗೇ. ಕೆಲವರು ಪೂಲ್ ಪಕ್ಕ ಕ್ಯಾಪ್ ತೆಗೆದು ಬಿಸಿಲಲ್ಲಿ ಕೂತು ಹರಟೆ ಹೊಡೀತಾರೆ, ಆ ಅರ್ಧ ಗಂಟೆಯಲ್ಲಿ ಕೂದಲಲ್ಲಿರೋ ನೀರು ಆವಿಯಾಗಿ ಕ್ಲೋರಿನ್ನು, ಲವಣ, ತಾಮ್ರ ಎಲ್ಲಾ ಅಲ್ಲೇ ಕೂರುತ್ತೆ, ಮೇಲಿಂದ ಬಿಸಿಲು ಬೇರೆ ಬಣ್ಣ ತಿನ್ನುತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಚೆನ್ನಾಗಿ ತೊಳೀರಿ, ಆಮೇಲೆ ಸಲ್ಫೇಟ್ ಇಲ್ಲದ ಮೆದು ಶಾಂಪೂ ಬುಡಕ್ಕೆ ಮಾತ್ರ, ಆಮೇಲೆ ಧಾರಾಳವಾಗಿ ಕಂಡಿಷನರ್. ಕಂಡಿಷನರ್ ಹುಳಿ ಕಡೆ, ಪಿಎಚ್ 4 ಆಸುಪಾಸು ಇರುತ್ತೆ, ಪೂಲ್ ನೀರಲ್ಲಿ ಉಬ್ಬಿರೋ ಕ್ಯೂಟಿಕಲ್ ಅದರಿಂದ ಮತ್ತೆ ಒತ್ತಾಗಿ ಕೂರುತ್ತೆ. ಕಂಡಿಷನರ್ ಇರೋವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಮೇಲಿಂದ ಕೆಳಗೆ ಎಳೀಬೇಡಿ. ಟವೆಲ್ಲಲ್ಲಿ ತಿರುಚಿ ಹಿಂಡೋದು ಬೇಡ, ಹಳೇ ಕಾಟನ್ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೀರಿ.

ಒದ್ದೆ ಕೂದಲಿಗೆ ಸ್ಟ್ರೈಟನರ್ ಅಂತೂ ಮುಟ್ಟಿಸಲೇಬೇಡಿ, ಒಳಗಿನ ನೀರು ಕುದ್ದು ಎಳೆ ಒಳಗೇ ಗುಳ್ಳೆ ಏಳುತ್ತೆ, ಅಲ್ಲೇ ಮುರಿಯುತ್ತೆ.

ಸುಮ್ನೆ_ಓದ್ತಿದ್ದೆ

ಒಂದು ಬೇರೆ ಅಭಿಪ್ರಾಯ ಹೇಳ್ಲಾ, ಇಷ್ಟೆಲ್ಲಾ ಒದ್ದಾಟ ಯಾಕೆ, ಹಾಳಾದ ಉದ್ದನ ಕತ್ತರಿಸಿ ಹುಟ್ಟು ಗುಂಗುರನ್ನೇ ಬೆಳೆಸಿದ್ರೆ ಆಗಲ್ವಾ? ಎರಡು ದೋಣಿ ಮೇಲೆ ಕಾಲಿಡೋದು ಕಷ್ಟ. ತಪ್ಪು ತಿಳ್ಕೊಬೇಡಿ.

ಹೊಸ_ಎಲೆ

ತಪ್ಪೇನಿಲ್ಲ, ಅದೂ ಒಂದು ದಾರಿ, ನಾನು ಆ ದಾರೀಲೇ ಹೋಗಿರೋಳು. ಆದ್ರೆ ಅದನ್ನ ಬೇರೆಯವರು ಹೇಳಿ ಮಾಡಿಸೋದಲ್ಲ. ಬೆಳೆಸೋವಾಗ ಗುಂಗುರು ಮತ್ತು ನೇರ ಎರಡೂ ಸೇರೋ ಗೆರೆ ಇರುತ್ತಲ್ಲ, ಅಲ್ಲೇ ಕೂದಲು ತುಂಬಾ ಮುರಿಯೋದು, ಒದ್ದೆ ಇರೋವಾಗ ಇನ್ನೂ ಜಾಸ್ತಿ. ಹಾಗಾಗಿ ಬೆಳೆಸ್ತೀನಿ ಅಂದ್ರೂ ಮೇಲೆ ಹೇಳಿದ ಕ್ಯಾಪ್, ಕಂಡಿಷನರ್, ಬಾಚೋ ಕ್ರಮ ಎಲ್ಲಾ ಬೇಕೇ ಬೇಕು. ಅವರಿಗೆ ನೇರ ಕೂದಲು ಇಷ್ಟ, ಈಜೂ ಇಷ್ಟ, ಎರಡಕ್ಕೂ ಜಾಗ ಇದೆ.

ನೀರ್ಗುಳ್ಳೆ

ಹೊಸ_ಎಲೆ ಅವರೇ, ಮನಸ್ಸಿಗೆ ಸಮಾಧಾನ ಆಯ್ತು, ಥ್ಯಾಂಕ್ಸ್. ಸುಮ್ನೆ_ಓದ್ತಿದ್ದೆ ಅವರಿಗೂ ಬೇಜಾರಿಲ್ಲ, ಕೇಳಿದ್ದು ಒಳ್ಳೇದೇ ಆಯ್ತು.

ಪೂಲಲ್ಲಿ ಕೇಳಿದೆ, ತಾಮ್ರ ಇರೋ ಆಲ್ಜಿಸೈಡೇ ಬಳಸೋದಂತೆ, ಡಬ್ಬಾ ತೋರಿಸಿದ್ರು. ನೆನೆಸಿ ಕಂಡಿಷನರ್ ಹಚ್ಚಿ ಇಳಿದೆ, ಬಂದ ಮೇಲೆ ಬಾಚೋವಾಗ ಸಿಕ್ಕು ಎಷ್ಟೋ ಕಮ್ಮಿ ಇತ್ತು, ನಂಬೋಕಾಗ್ಲಿಲ್ಲ. ಈಗ ಹಸಿರು ತೆಗೆಯೋದು ಹೇಗೆ, ಮೇಲೆ ಇನ್ನೊಂದು ಕಲರ್ ಹಾಕಿಸಿ ಮುಚ್ಚಿಬಿಡ್ಲಾ? ಮುಂದಿನ ತಿಂಗಳು ಸಮುದ್ರಕ್ಕೂ ಹೋಗೋದಿದೆ.

ಕತ್ತರಿ_ಬಾಚಣಿಗೆ

ದಯವಿಟ್ಟು ಅದರ ಮೇಲೆ ಕಲರ್ ಹಾಕಿಸ್ಬೇಡಿ, ಬ್ಲೀಚ್ ಅಂತೂ ಬೇಡವೇ ಬೇಡ. ಪರ್ಮನೆಂಟ್ ಕಲರಲ್ಲೂ ಬ್ಲೀಚಲ್ಲೂ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತೆ, ಕೂದಲಲ್ಲಿರೋ ತಾಮ್ರ ಅದರ ಜೊತೆ ಸೇರಿದ್ರೆ ರಿಯಾಕ್ಷನ್ ಹಿಡಿತ ತಪ್ಪುತ್ತೆ, ಪ್ರೋಟೀನ್ ಒಡೆಯುತ್ತೆ, ಲೋಹ ಜಾಸ್ತಿ ಇದ್ರೆ ಕೂದಲು ಬಿಸಿ ಕೂಡ ಆಗುತ್ತೆ, ಬಣ್ಣವೂ ಅಂದ್ಕೊಂಡ ಹಾಗೆ ಬರಲ್ಲ. ಪೂಲ್‌ಗೆ ಹೋಗ್ತೀನಿ ಅಂತ ಕ್ಲೈಂಟ್ ಮೊದಲೇ ಹೇಳಿದ್ರೆ ನಮಗೆ ದೊಡ್ಡ ಉಪಕಾರ, ತುಂಬಾ ಜನ ಹೇಳೋದೇ ಇಲ್ಲ.

ಮೊದಲು ಲೋಹ ತೆಗೀಬೇಕು. ಅದಕ್ಕೆ ಕೀಲೇಟಿಂಗ್ ಶಾಂಪೂ ಅಂತ ಬರುತ್ತೆ, ಇಡಿಟಿಎ ಥರದ್ದು ಇರುತ್ತೆ, ಅದು ತಾಮ್ರನ ಹಿಡಿದು ನೀರಿನ ಜೊತೆ ಹೊರಗೆ ತರುತ್ತೆ. ಕ್ಲಾರಿಫೈಯಿಂಗ್ ಶಾಂಪೂ ಬೇರೆ, ಅದು ಜಿಡ್ಡು, ಸಿಲಿಕೋನ್ ತೆಗೆಯುತ್ತೆ, ತಾಮ್ರ ಅಷ್ಟಾಗಿ ಬರಲ್ಲ, ಅಂಗಡೀಲಿ ಎರಡನ್ನೂ ಒಂದೇ ಅಂತ ಕೊಡ್ತಾರೆ, ಲೇಬಲ್ ಓದಿ ತಗೊಳ್ಳಿ. ನೊರೆ ಮಾಡಿ ಹೈಲೈಟ್ಸ್ ಮೇಲೆ ಕೆಲವು ನಿಮಿಷ ಬಿಡಿ, ತೊಳೀರಿ, ಆಮೇಲೆ ಮಾಸ್ಕ್ ಹಾಕ್ಲೇಬೇಕು ಯಾಕಂದ್ರೆ ಇದು ಕೂದಲನ್ನ ಒಣಗಿಸುತ್ತೆ. ದಿನಾ ಬೇಡ, ವಾರಕ್ಕೊಂದು ಸಲ ಸಾಕು, ಹಸಿರು ಹೋದ ಮೇಲೆ ಇನ್ನೂ ಕಮ್ಮಿ. ಒಂದೇ ತೊಳೆತಕ್ಕೆ ಹೋಗದೇ ಇದ್ರೆ ಉಜ್ಜಿ ಹಿಂಸೆ ಮಾಡ್ಬೇಡಿ, ಒಂದು ವಾರ ಬಿಟ್ಟು ಮತ್ತೆ ಮಾಡಿ. ತಾಮ್ರ ತೆಗೆದ ಮೇಲೆ ಟೋನ್ ಸರಿ ಮಾಡಿಸಿ, ಚೂರು ಕೆಂಪು ಇರೋ ಟೋನರ್ ಉಳಿದ ಹಸಿರು ಛಾಯೆನ ಮುಚ್ಚುತ್ತೆ, ಆದ್ರೆ ತಾಮ್ರ ಒಳಗೇ ಇಟ್ಕೊಂಡು ಮೇಲಿಂದ ಮುಚ್ಚೋ ಕೆಲಸ ಮಾತ್ರ ಯಾರು ಹೇಳಿದ್ರೂ ಒಪ್ಕೋಬೇಡಿ.

ಟಚ್ ಅಪ್ ಬಗ್ಗೆ ಹೇಳ್ತೀನಿ ಅಂದಿದ್ದೆ. ಈ ಎಳೆಯೋ ಲಕ್ಷಣ ಇರೋ ತನಕ ಬೇಡ. ಪ್ರೋಟೀನ್ ಟ್ರೀಟ್‌ಮೆಂಟ್, ಮಾಯಿಶ್ಚರ್ ಮಾಸ್ಕ್ ಎರಡನ್ನೂ ಬದಲಾಯಿಸಿ ಬದಲಾಯಿಸಿ ಹಾಕ್ತಾ ಹೋಗಿ, ಬರೀ ಪ್ರೋಟೀನ್ ಹಾಕಿದ್ರೆ ಕೂದಲು ಬಿಗಿಯಾಗಿ ಮುರಿಯುತ್ತೆ. ಸತ್ತ ತುದಿ ಒಂದೆರಡು ಇಂಚು ಕತ್ತರಿಸಿಬಿಡಿ. ಮುಂದೆ ಮಾಡಿಸೋವಾಗ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಕ್ರೀಮ್ ಹಚ್ಚಬೇಕು, ಹಳೇ ನೇರ ಭಾಗಕ್ಕೆ ತಗಲಬಾರದು, ಮಾಡೋರಿಗೆ ಇದನ್ನ ಬಾಯಿ ಬಿಟ್ಟು ಹೇಳಿ. ಮಾಡಿಸಿದ ಮೇಲೆ ಎರಡು ವಾರ ಪೂಲ್‌ಗೆ ಇಳೀಬೇಡಿ, ನೆತ್ತಿ ಉರಿ, ಗಾಯ ಏನಾದ್ರೂ ಇದ್ರೆ ಅದು ವಾಸಿ ಆಗೋ ತನಕ. ಬರೀ ಕಲರ್ ಆದ್ರೆ ಕಡೇಪಕ್ಷ ಮೂರು ದಿನ. ಕ್ಲಾಸಿಗೆ ರಜೆ ಇರೋ ಸಮಯಕ್ಕೆ ಟ್ರೀಟ್‌ಮೆಂಟ್ ಇಟ್ಕೊಂಡ್ರೆ ಎರಡೂ ಕೆಡಲ್ಲ.

ಬೆಳಗಿನ_ಲೇನ್

ಸಮುದ್ರಕ್ಕೂ ಕ್ರಮ ಅದೇ, ನೆನೆಸೋದು, ಕಂಡಿಷನರ್, ಜಡೆ. ಅಲ್ಲಿ ಕ್ಲೋರಿನ್ ಇಲ್ಲ, ಆದ್ರೆ ಉಪ್ಪು ಒಣಗಿ ಕೂದಲ ಮೇಲೆ ಹರಳು ಕಟ್ಟುತ್ತೆ, ಗಾಳಿಗೆ ಕೂದಲು ಒಂದಕ್ಕೊಂದು ಉಜ್ಜಿ ಸಿಕ್ಕಾಗುತ್ತೆ, ಬಿಸಿಲು ಪೂಲ್‌ಗಿಂತ ಜೋರು. ದಡದಲ್ಲಿ ಶವರ್ ಇರುತ್ತೋ ಇಲ್ವೋ ಗೊತ್ತಿರಲ್ಲ, ದೊಡ್ಡ ಬಾಟಲಲ್ಲಿ ಸಿಹಿನೀರು ತಗೊಂಡು ಹೋಗಿ, ನೀರಿಂದ ಬಂದ ತಕ್ಷಣ ತಲೆ ಮೇಲೆ ಸುರ್ಕೊಂಡು ಅಗಲ ಟೋಪಿ ಹಾಕ್ಕೊಳ್ಳಿ. ಉಪ್ಪು ಇರೋವಾಗ ಬಾಚೋಕೆ ಹೋಗ್ಬೇಡಿ, ರೂಮಿಗೆ ಬಂದು ಕಂಡಿಷನರ್ ಹಚ್ಚಿದ ಮೇಲೇ ಜಡೆ ಬಿಚ್ಚಿ.

ಅಂದ ಹಾಗೆ ಸಿಲಿಕೋನ್ ಕ್ಯಾಪ್‌ನ ದಿನಾ ಸಿಹಿನೀರಲ್ಲಿ ತೊಳೆದು, ಒಳಗೂ ಹೊರಗೂ ಒಣಗಿಸಿ, ಸ್ವಲ್ಪ ಪೌಡರ್ ಹಾಕಿ ನೆರಳಲ್ಲಿ ಇಡಿ, ಒದ್ದೆಯಾಗಿ ಬ್ಯಾಗಲ್ಲಿ ಬಿಟ್ರೆ ಅಂಟ್ಕೊಂಡು, ಮುಂದಿನ ಸಲ ಹಾಕ್ಕೊಳ್ಳೋವಾಗ ಕೂದಲು ಎಳೆಯುತ್ತೆ.